ಕೊರಿಯಾದ ವಿಮಾನಕ್ಕೆ ಕಟ್ಟಿದ ಬುತ್ತಿ

ಮೊದಲ ಸಲ ವಾಪಸು ಬಂದ ಟ್ರೇಗಳನ್ನು ನೋಡಿದಾಗ ವಿಮಾನದಲ್ಲಿ ಊಟ ಹಂಚಲೇ ಇಲ್ಲವೇನೋ ಅಂದುಕೊಂಡೆ. ಡಬ್ಬಿಗಳ ಮುಚ್ಚಳವನ್ನೇನೋ ತೆಗೆದಿದ್ದರು, ಒಳಗಿನ ಆಮ್ಲೆಟ್ ಮಾತ್ರ ಹಾಗೇ ಇತ್ತು. ಅಂಚಿನಲ್ಲಿ ಒಂದು ಕಡೆ ಫೋರ್ಕು ಚುಚ್ಚಿದ ಗುರುತು, ಅಷ್ಟೆ. ಬೆಣ್ಣೆ, ಜಾಮಿನ ಪೊಟ್ಟಣಗಳನ್ನು ಯಾರೂ ಒಡೆದಿರಲಿಲ್ಲ. ಖಾಲಿಯಾದದ್ದು ಬನ್ನಿನ ಜಾಗ ಮಾತ್ರ. ಪಾತ್ರೆ ತೊಳೆಯುವ ಕೋಣೆಯಲ್ಲಿ ಉಳಿದ ತಿಂಡಿಯನ್ನು ಡ್ರಮ್ಮಿಗೆ ಸುರಿಯುತ್ತಿದ್ದ ಹೆಂಗಸು ವಿಜಾಪುರದ ಕಡೆಯವಳು. ಕೈ ನಿಲ್ಲಿಸಿ ನನ್ನನ್ನು ಕರೆದಳು.

"ಅಕ್ಕಾರ, ಇಲ್ಲಿ ಬರ್ರಿ. ಈ ಮಂದೀದು ಇವತ್ತ ಉಪಾಸ ಇತ್ತೇನ್ರಿ? ಇಷ್ಟೂ ಹಾಂಗ ಬಂದೈತಿ ನೋಡ್ರಿ."

ಆಗ ನಾನು ಮುಂಬಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದ ಪಕ್ಕದ ಒಂದು ಫ್ಲೈಟ್ ಕಿಚನ್ನಿನಲ್ಲಿ, ಅಂದರೆ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ, ಟ್ರೇ ಜೋಡಿಸುವ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕೊಲ್ಲಿಯ ಮರಳುಗಾಡಿನಲ್ಲಿ ಬಂದರು, ರಸ್ತೆ, ಕಾಲೊನಿ ಕಟ್ಟುವ ಕೆಲಸ ಭರದಿಂದ ನಡೆದಿತ್ತು. ಅದಕ್ಕೆ ಕೊರಿಯಾದಿಂದ ವಿಮಾನಗಟ್ಟಲೆ ಕೆಲಸಗಾರರು ಹೋಗುತ್ತಿದ್ದರು. ಅಲ್ಲಿನ ಒಂದು ವಿಮಾನ ಕಂಪನಿ ಇವರಿಗಾಗಿಯೇ ವಿಶೇಷ ವಿಮಾನಗಳನ್ನು ಓಡಿಸುತ್ತಿತ್ತು. ನಡುರಾತ್ರಿಗೆ ಸಿಯೋಲ್ ಬಿಟ್ಟು, ಬ್ಯಾಂಕಾಕಿನಲ್ಲಿ ಇಳಿದು, ಬೆಳಿಗ್ಗೆ ಎಂಟರ ಹೊತ್ತಿಗೆ ಮುಂಬಯಿಗೆ ಬರುತ್ತಿತ್ತು. ಇಲ್ಲಿ ಇಂಧನ ಮತ್ತು ಊಟ ತುಂಬಿಸಿಕೊಂಡು ಒಂಬತ್ತಕ್ಕೆ ಕೊಲ್ಲಿಗೆ ಹಾರುತ್ತಿತ್ತು. ಅಲ್ಲಿ ಗುತ್ತಿಗೆ ಮುಗಿಸಿದವರನ್ನು ಹತ್ತಿಸಿಕೊಂಡು ಅದೇ ಸಂಜೆ ಮತ್ತೆ ಮುಂಬಯಿ. ಮೊದಲ ದರ್ಜೆ ಎಂಬುದೇ ಇಲ್ಲ. ಮೂಗಿನಿಂದ ಬಾಲದ ತನಕ ಇಕಾನಮಿ ಕ್ಲಾಸು, ಒಂದೇ ನಡುದಾರಿ, ಆಚೆ ಮೂರು ಈಚೆ ಮೂರು ಸೀಟು. ನಮ್ಮ ಟ್ರೇ, ಡಬ್ಬಿ, ಚಮಚಗಳನ್ನೇ ಬಳಸುತ್ತಿದ್ದರಿಂದ ಎಂಜಲು ಟ್ರೇಗಳು ಸಂಜೆ ನಮ್ಮಲ್ಲಿಗೇ ತೊಳೆಯಲು ಬರುತ್ತಿದ್ದವು. ಹಾಗಾಗಿ ಯಾರು ಏನು ಉಂಡರು, ಏನು ಬಿಟ್ಟರು ಎಂಬುದು ನಮಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಕಂಪನಿಯ ಮುಂಬಯಿ ಪ್ರತಿನಿಧಿಯೇ ಬಂದ. ಮೂವತ್ತರ ಆಸುಪಾಸಿನ ಕೊರಿಯಾದವನು, ತುಂಬ ವಿನಯವಂತ. ಮ್ಯಾನೇಜರರ ಮೇಜಿನ ಮುಂದೆ ನಿಂತು ಎಡಗೈ ಚಾಚಿ ತನ್ನ ಗಡಿಯಾರ ತೋರಿಸಿದ. ಅದು ಇನ್ನೂ ಅವನೂರಿನ ಹೊತ್ತಿನಲ್ಲೇ ಓಡುತ್ತಿತ್ತು. ನೀವು ಬೆಳಗಿನ ತಿಂಡಿ ಕೊಡುವಾಗ ಇವರ ಹೊಟ್ಟೆಗೆ ಮಧ್ಯಾಹ್ನ ಒಂದು ಗಂಟೆ, ಇವರಿಗೆ ಅನ್ನ ಬೇಕು ಎಂದ. ನಾವು ನಮ್ಮ ಗಡಿಯಾರ ನೋಡಿ ಆಮ್ಲೆಟ್ ಕಟ್ಟಿದ್ದೆವು. ಹೊಟ್ಟೆ ಎಲ್ಲಿಂದ ಹೊರಟಿದೆ ಎಂದು ಯಾರೂ ಕೇಳಿಕೊಂಡಿರಲಿಲ್ಲ.

ಅನ್ನ ಎಂದ ಕೂಡಲೇ ಮುಖ್ಯ ಬಾಣಸಿಗರ ಮುಖ ಅರಳಿತು. ಅವರು ಉಡುಪಿಯ ಕಡೆಯವರು. ಮುಂಬಯಿಯ ಕೋಟೆ ಪ್ರದೇಶದ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಿ, ಹಂತಹಂತವಾಗಿ ಮೇಲೆ ಬಂದು, ಹದಿನಾಲ್ಕು ವರ್ಷಗಳಿಂದ ವಿಮಾನಗಳಿಗೆ ಅಡುಗೆ ಮಾಡುತ್ತಿದ್ದರು. ಅನ್ನದ ವಿಷಯದಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನೋಡಿ ಮಾರಾಯ್ರೆ, ಅಗಳಿಗೆ ಅಗಳು ತಾಗಬಾರ್ದು. ಸುರಿದ್ರೆ ಮಲ್ಲಿಗೆ ಬಿದ್ದ ಹಾಗೆ ಬೀಳ್ಬೇಕು," ಎಂದು ಉದ್ದಕ್ಕಿಯ ಅನ್ನವನ್ನು ತಟ್ಟೆಯ ಮೇಲೆ ಉದುರಿಸಿ ತೋರಿಸಿದರು.

ನಮ್ಮಲ್ಲಿ ಕ್ರಮ ಹೀಗಿತ್ತು. ಹಿಂದಿನ ದಿನ ಮಧ್ಯಾಹ್ನ ಅಡುಗೆ ಆಗಬೇಕು. ಬಿಸಿ ಇಳಿಸಿ, ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿಗಳಿಗೆ ತುಂಬಿ, ದಪ್ಪ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಅಂಚು ಮಡಿಚಿ ಶೀತಲ ಕೋಣೆಗೆ ಇಡಬೇಕು. ಬೆಳಿಗ್ಗೆ ಐದೂವರೆಗೆ ನನ್ನ ವಿಭಾಗ ಶುರು. ಟ್ರೇ ಮೇಲೆ ಹಾಸು, ಕಪ್ಪು, ಸಲಾಡಿನ ಬಟ್ಟಲು, ಕರವಸ್ತ್ರದಲ್ಲಿ ಸುತ್ತಿದ ಚಾಕು, ಫೋರ್ಕು, ಚಮಚದ ಕಟ್ಟು. ಡಬ್ಬಿಗಳು ಬೇರೆ ಗೂಡಿನಲ್ಲಿ ಹೋಗುತ್ತವೆ. ಮೈ ಎತ್ತರಿಸಿಕೊಳ್ಳುವ ಲಾರಿಯಲ್ಲಿ ಎಲ್ಲ ವಿಮಾನದ ಬಾಗಿಲಿಗೆ ಮುಟ್ಟುತ್ತದೆ. ಗಗನಸಖಿಯರು ಒಲೆಯಲ್ಲಿ ಇಪ್ಪತ್ತು ನಿಮಿಷ ಬಿಸಿ ಮಾಡಿ, ಟ್ರೇ ಮೇಲೆ ಡಬ್ಬಿ ಇಟ್ಟು ಕೊಡುತ್ತಾರೆ. ಒಂದು ಅಡುಗೆಗೆ ಎರಡು ಸಲ ಬೆಂಕಿ, ನಡುವೆ ಒಂದು ಇಡೀ ರಾತ್ರಿಯ ಚಳಿ.

ಅನ್ನ, ಕೋಳಿ ಸಾರು ಹೋಯಿತು. ಸಂಜೆ ವಾಪಸು ಬಂತು. ಕೋಳಿಯ ತುಂಡುಗಳು ಇರಲಿಲ್ಲ, ಅನ್ನ ಮುಕ್ಕಾಲು ಪಾಲು ಹಾಗೇ ಇತ್ತು. ಟ್ರೇಗಳಲ್ಲಿ ಮಡಿಚಿ ಮುದುರಿದ ಅಲ್ಯೂಮಿನಿಯಂ ಹಾಳೆಗಳು ಬಹಳ ಇದ್ದವು. ಹೊತ್ತು ಹೋಗದವರು ಆಟವಾಡಿದ್ದಾರೆ ಎಂದು ನಾನೇ ಕಸಕ್ಕೆ ಹಾಕಿಸಿದೆ. ಪ್ರತಿ ಸಲ ವಿಮಾನದಿಂದ ಒಂದು ಟೀಕೆಯ ಚೀಟಿ ಬರುತ್ತಿತ್ತು. ಅನ್ನ ಗಟ್ಟಿ, ಸಾರು ಸಪ್ಪೆ ಎಂದು ಅಡುಗೆಯವರಿಗೆ ಎರಡು ಸಾಲು, ಚಮಚ ಚಿಕ್ಕದು ಎಂದು ನನ್ನ ವಿಭಾಗಕ್ಕೆ ಒಂದು ಸಾಲು. ವೇಳಾಪಟ್ಟಿಯಲ್ಲಿ ಅದು ಬೆಳಗಿನ ತಿಂಡಿಯೆಂದೇ ಇದ್ದುದರಿಂದ ಅದಕ್ಕೆ ತಿಂಡಿಯ ಕಟ್ಟು ಹೋಗುತ್ತಿತ್ತು. ಅದರಲ್ಲಿ ಇರುವುದು ಚಹಾದ ಚಮಚ. 'ಕಟ್ಟು ನಿಯಮದಂತೆಯೇ ಇದೆ' ಎಂದು ಬರೆದು ಸಹಿ ಹಾಕಿದೆ. ಮರುದಿನ ಬೆಳಿಗ್ಗೆ ಚೀಟಿ ನನ್ನ ಕೈಗೆ ಬಂದಾಗ ಇನ್ನೂ ನಾಲ್ಕು ವಿಮಾನಗಳು ನನ್ನ ತಲೆಯ ಮೇಲಿದ್ದವು. ಮುಂದಿನ ಎರಡು ಸಲವೂ ಅದೇ ಚೀಟಿ ಬಂತು, ಅದೇ ಉತ್ತರ ಹೋಯಿತು.

ಅಷ್ಟರಲ್ಲಿ ಬಾಣಸಿಗರು ಹಟಕ್ಕೆ ಬಿದ್ದಿದ್ದರು. ಕೊರಿಯಾದವರಿಗೆ ಖಾರದ ಕೋಸಿನ ಉಪ್ಪಿನಕಾಯಿ ಇಲ್ಲದೆ ಊಟ ಸೇರುವುದಿಲ್ಲ ಎಂದು ಪ್ರತಿನಿಧಿಯಿಂದ ಕೇಳಿ ತಿಳಿದುಕೊಂಡರು. ಬಣ್ಣ ಬೇಕು, ಉರಿ ಕಡಿಮೆ ಬೇಕು ಎಂದಾಗ ನಾನು ಮನೆಯಿಂದ ಬ್ಯಾಡಗಿ ಮೆಣಸಿನಕಾಯಿ ತಂದುಕೊಟ್ಟೆ. ಕೋಸಿಗೆ ಉಪ್ಪು ಹಚ್ಚಿ, ನೀರು ಬಸಿದು, ಮೆಣಸು, ಬೆಳ್ಳುಳ್ಳಿ, ಶುಂಠಿ ಅರೆದು ಕಲಸಿ ಮೂರು ದಿನ ಹುಳಿಬರಿಸಿದರು. ಪ್ರತಿನಿಧಿ ಒಂದು ಎಳೆ ಬಾಯಿಗಿಟ್ಟು ಕಣ್ಣು ಮುಚ್ಚಿದ. ನಾವು ಗೆದ್ದೆವು ಅಂದುಕೊಂಡೆವು. ಪುಟ್ಟ ಪ್ಲಾಸ್ಟಿಕ್ ಕಪ್ಪುಗಳಿಗೆ ತುಂಬಿ ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿದೆವು. ಹುಳಿ ಬರುವ ಪದಾರ್ಥ ಒಳಗೊಳಗೇ ಗಾಳಿ ಬಿಡುತ್ತಿರುತ್ತದೆ, ಎತ್ತರಕ್ಕೆ ಹೋದಂತೆ ವಿಮಾನದೊಳಗಿನ ಒತ್ತಡ ಇಳಿಯುತ್ತದೆ. ಎರಡೂ ಬೇರೆ ಬೇರೆಯಾಗಿ ನಮಗೆ ಗೊತ್ತಿತ್ತು, ಕೂಡಿಸಿ ನೋಡಿರಲಿಲ್ಲ. ಸಮುದ್ರದ ಮೇಲೆ ಹಾರುವಾಗ ಮುಚ್ಚಳಗಳು ಉಬ್ಬಿ ಒಂದೊಂದಾಗಿ ಸಿಡಿದವು. ಕೆಂಪು ರಸ ಟ್ರೇಗಳ ಮೇಲೆ, ಗೂಡಿನೊಳಗೆ, ಒಬ್ಬ ಗಗನಸಖಿಯ ಬಿಳಿ ಕೈಗವಸಿನ ಮೇಲೆ. ಹುಳಿಬರಿಸಿದ ಯಾವ ಪದಾರ್ಥವನ್ನೂ ಮುಂದೆ ವಿಮಾನಕ್ಕೆ ಹತ್ತಿಸಕೂಡದೆಂದು ನಮ್ಮ ಶುಚಿತ್ವದ ಅಧಿಕಾರಿ ಬರೆದಿಟ್ಟರು.

ಅದಾದ ವಾರಕ್ಕೆ ಪ್ರತಿನಿಧಿಯ ಪತ್ರ ಬಂತು. ಇನ್ನು ಎರಡು ವಾರದಲ್ಲಿ ಸರಿಹೋಗದಿದ್ದರೆ ಮುಂಬಯಿಯಿಂದಾಚೆಯ ಊಟವನ್ನೂ ಬ್ಯಾಂಕಾಕಿನಲ್ಲೇ ಹತ್ತಿಸಿಕೊಳ್ಳುತ್ತೇವೆ ಎಂದಿತ್ತು. ಮ್ಯಾನೇಜರರು ನಮ್ಮಿಬ್ಬರನ್ನೂ ಕರೆದರು. ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನವರಿಗೆ ಏನಾದರೂ ಮಾಡಿದೆ ಎಂದು ತೋರಿಸಬೇಕಿತ್ತು. ಬಾಣಸಿಗರನ್ನು ಬಿಸಿ ಅಡುಗೆಯಿಂದ ತೆಗೆದು ಬ್ರೆಡ್ ವಿಭಾಗಕ್ಕೆ ಹಾಕುವುದು, ದೊಡ್ಡ ಹೋಟೆಲಿನಿಂದ ಒಬ್ಬರನ್ನು ಕರೆತರುವುದು ಎಂದು ಹೇಳಿದರು. ನಿವೃತ್ತಿಗೆ ಎರಡು ವರ್ಷವಿದ್ದ ಬಾಣಸಿಗರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ ನನ್ನತ್ತ ತಿರುಗಿದರು.

"ಊಟ ಬಿಟ್ಟ ಅಂದ್ರೆ ಅಡುಗೆಯವನದ್ದೇ ತಪ್ಪು. ಅದು ಸರಿ. ಆದ್ರೆ ಅವ ಯಾಕೆ ಬಿಟ್ಟ ಅಂತ ನನಗೆ ಒಂದು ಸಲ ಕಣ್ಣಿಂದ ನೋಡ್ಲಿಕ್ಕೆ ಸಿಕ್ಕಿದ್ರೆ ಸಾಕಿತ್ತು."

ಅವರ ಬಳಿ ಪಾಸ್‌ಪೋರ್ಟ್ ಇರಲಿಲ್ಲ. ನನ್ನ ಬಳಿ ಇತ್ತು. ಒಂದು ತರಬೇತಿಗೆಂದು ಹಿಂದಿನ ವರ್ಷ ಮಾಡಿಸಿದ್ದು, ತರಬೇತಿ ರದ್ದಾಗಿ ಕಪಾಟಿನಲ್ಲೇ ಇತ್ತು. ಮರುದಿನ ಮ್ಯಾನೇಜರರ ಹತ್ತಿರ ಹೋಗಿ, ನಾನು ಆ ವಿಮಾನದಲ್ಲಿ ಕೂತು ಬರುತ್ತೇನೆ, ಬಂದು ವರದಿ ಕೊಡುವ ತನಕ ಬಾಣಸಿಗರ ಬದಲಾವಣೆ ತಡೆಯಿರಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, ವಿಮಾನದವರು ಒಪ್ಪಿದರೆ ಹೋಗಿ ಬನ್ನಿ ಎಂದರು. ಪ್ರತಿನಿಧಿ ತಕ್ಷಣ ಒಪ್ಪಿದ. ಕೊನೆಯ ಸಾಲಿನಲ್ಲಿ ಒಂದು ಸೀಟು ಖಾಲಿ ಇದೆ, ಕೊಲ್ಲಿಯಲ್ಲಿ ನಿಲ್ದಾಣದ ಹೊರಗೆ ಕಾಲಿಡುವಂತಿಲ್ಲ, ಅದೇ ವಿಮಾನದಲ್ಲಿ ವಾಪಸು ಬರಬೇಕು ಎಂದ.

ಮಲಾಡಿನಲ್ಲಿ ಅಣ್ಣನ ಮನೆಯಲ್ಲಿದ್ದೆ. ಸುದ್ದಿ ಕೇಳಿ ವೈನಿಗೆ, ಅಣ್ಣನ ಹೆಂಡತಿಗೆ, ನಗು ತಡೆಯಲಾಗಲಿಲ್ಲ. "ಮುಂಜಾನೆ ಹೋಗಿ ಸಂಜೀಕ ಬರೂದಂದ್ರ ಪರದೇಶ ಹ್ಯಾಂಗ ಆತ? ಬೊರಿವಲಿ ಲೋಕಲ್ ಗಾಡಿ ಆತ ಅದು," ಎಂದರು. ಅಣ್ಣ ಮಾತ್ರ ಗಂಭೀರವಾಗಿ, "ಎಲ್ಲಾರೂ ಗಂಡಸರ ಇರ್ತಾರೇನವಾ?" ಎಂದು ಕೇಳಿದ. ಹೌದು ಎಂದೆ. "ದುಡಿಲಿಕ್ಕೆ ಹೊಂಟವರು, ಏನಾಗೂದಿಲ್ಲ ಹೋಗಿ ಬಾ," ಎಂದ.

ಆ ದಿನ ನನ್ನ ವಿಭಾಗದ ಟ್ರೇಗಳನ್ನು ನಾನೇ ಪರೀಕ್ಷಿಸಿ, ಲಾರಿಯ ಹಿಂದೆಯೇ ವಿಮಾನಕ್ಕೆ ಹೋದೆ. ವಿಮಾನದೊಳಗೆ ನೂರಾರು ಸಲ ಹೋಗಿದ್ದೆ, ಆದರೆ ಯಾವಾಗಲೂ ಖಾಲಿ ಇರುವಾಗ ಅಥವಾ ಅಡುಗೆ ಗೂಡಿನ ತನಕ ಮಾತ್ರ. ಜನರಿಂದ ತುಂಬಿದ ವಿಮಾನವನ್ನು ಅಂದೇ ನೋಡಿದ್ದು. ಹನ್ನೊಂದು ಹನ್ನೆರಡು ತಾಸಿನಿಂದ ಕೂತೇ ಇದ್ದವರು. ಸಿಗರೇಟಿನ ಹೊಗೆ, ಬಿಚ್ಚಿಟ್ಟ ಬೂಟುಗಳು, ಒಬ್ಬರ ಭುಜದ ಮೇಲೆ ಇನ್ನೊಬ್ಬರ ತಲೆ. ಎಲ್ಲರಿಗೂ ಒಂದೇ ಬಗೆಯ ಬೂದು ಬಣ್ಣದ ಹೊಸ ಜಾಕೆಟ್. ಎದೆಯ ಮೇಲೆ ಹೆಸರು ಬರೆದ ಬಿಲ್ಲೆ. ನಾನು ಸೀರೆ ಸರಿಪಡಿಸಿಕೊಳ್ಳುತ್ತ ನಡುದಾರಿಯ ಉದ್ದಕ್ಕೂ ಹೋಗುವಾಗ ಎಚ್ಚರವಿದ್ದವರು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು.

ನನ್ನ ಪಕ್ಕದ ನಡುಸೀಟಿನಲ್ಲಿ ನಲವತ್ತೈದರ ಒಬ್ಬಾತ. ಕಿಟಕಿಯ ಬಳಿಯವನು ಬಾಯಿ ತೆರೆದು ನಿದ್ದೆ ಹೋಗಿದ್ದ. ನಡುವಿನಾತ ನನಗೆ ತಲೆಬಾಗಿ ವಂದಿಸಿ, ತನ್ನ ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡ. ನನಗೆ ಕೈಯಿಡಲು ಜಾಗ ಕೊಡಲೆಂದು ಇಡೀ ದಾರಿ ಹಾಗೇ ಇದ್ದ. ಮುಂದಿನ ಸೀಟಿನವನು ಬೆನ್ನು ಒರಗಿಸಿದಾಗ ಅವನ ತಲೆ ನನ್ನ ಎದುರಿಗೇ ಬಂತು. ಊಟದ ಹಲಗೆ ಇಳಿಸಿದರೆ ಅದು ಹೊಟ್ಟೆಗೆ ತಾಗುತ್ತಿತ್ತು. ಆಗಲೇ ಒಂದು ವಿಷಯ ಹೊಳೆಯಿತು. ನಾನು ಟ್ರೇ ಜೋಡಿಸಿ ನೋಡುತ್ತಿದ್ದದ್ದು ಅಗಲವಾದ ಸ್ಟೀಲ್ ಮೇಜಿನ ಮೇಲೆ, ಎದ್ದು ನಿಂತು, ಎರಡೂ ಕೈ ಬೀಸಾಡುವಷ್ಟು ಜಾಗದಲ್ಲಿ. ಇಲ್ಲಿ ಮೊಣಕೈ ಅಲ್ಲಾಡುವಂತಿರಲಿಲ್ಲ. ಚಾಕು ಫೋರ್ಕಿಗೆ ಮೊಣಕೈ ಬೇಕು.

ಊಟ ಬಂತು. ಮುಚ್ಚಳ ತೆಗೆದಾಗ ಹಬೆ ಎದ್ದಿತು, ಆತ ಮುಖ ಬಗ್ಗಿಸಿ ಅದನ್ನು ಮೂಸಿದ. ಕರವಸ್ತ್ರದ ಕಟ್ಟು ಬಿಚ್ಚಿ ಮೂರನ್ನೂ ಸಾಲಾಗಿ ಇಟ್ಟು ನೋಡಿದ. ಮೊದಲು ಫೋರ್ಕು ತೆಗೆದುಕೊಂಡ. ನಮ್ಮ ಮಲ್ಲಿಗೆಯಂಥ ಅನ್ನ ಅದರ ಹಲ್ಲುಗಳ ನಡುವಿಂದ ಸುರಿದು ಹೊಸ ಜಾಕೆಟ್ಟಿನ ಮೇಲೆ ಬಿತ್ತು. ಒಂದೊಂದೇ ಅಗಳನ್ನು ಬೆರಳಿಂದ ಹೆಕ್ಕಿ ಬಾಯಿಗೆ ಹಾಕಿಕೊಂಡ. ಆಮೇಲೆ ಚಹಾದ ಚಮಚ. ಅವನ ದಪ್ಪ ಬೆರಳುಗಳಲ್ಲಿ ಅದು ಔಷಧದ ಚಮಚದಂತೆ ಕಾಣುತ್ತಿತ್ತು. ನಾಲ್ಕು ಸಲ ತಿಂದು ಕೆಳಗಿಟ್ಟ. ಆಮೇಲೆ ನನ್ನ ಕೈಗಳನ್ನು ನೋಡತೊಡಗಿದ.

ನಾನು ಕೇಟರಿಂಗ್ ತರಗತಿಯಲ್ಲಿ ಕಲಿತಂತೆ ಚಾಕು ಫೋರ್ಕು ಹಿಡಿದು ಅಚ್ಚುಕಟ್ಟಾಗಿ ತಿನ್ನುತ್ತಿದ್ದೆ. ಹೇಗೆ ಹಿಡಿಯಬೇಕೆಂದು ಅವನು ನನ್ನನ್ನು ನೋಡಿ ಕಲಿಯುತ್ತಿದ್ದಾನೆಂದು ತಿಳಿದಾಗ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಯಾರೂ ಹೀಗೆ ಉಣ್ಣುವುದಿಲ್ಲ, ನಾನೂ ಉಣ್ಣುವುದಿಲ್ಲ. ಫೋರ್ಕು ಬದಿಗಿಟ್ಟು, ಕೈಯಿಂದ ಅನ್ನ ಸಾರು ಕಲಸಿ ತುತ್ತು ಮಾಡಿದೆ. ಆತ ಮೊದಲು ಬೆಚ್ಚಿದ, ಆಮೇಲೆ ನಕ್ಕ. ನನಗೆ ಚಮಚ ಸಿಕ್ಕಿಲ್ಲವೆಂದು ಕನಿಕರಪಟ್ಟನೋ ಏನೋ, ತನ್ನ ಡಬ್ಬಿಯ ಮುಚ್ಚಳವಾಗಿದ್ದ ಅಲ್ಯೂಮಿನಿಯಂ ಹಾಳೆಯನ್ನು ತೆಗೆದುಕೊಂಡು ತೊಡೆಯ ಮೇಲೆ ಒರೆಸಿ ಚಪ್ಪಟೆ ಮಾಡಿದ. ಉದ್ದಕ್ಕೆ ಎರಡು ಮಡಿಕೆ, ಒಂದು ತುದಿಗೆ ಹಿಡಿ. ಇನ್ನೊಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಗುಂಡಗೆ ಕುಳಿ ಮಾಡಿದ. ಅಂಚನ್ನು ಉಗುರಿನಿಂದ ಸುತ್ತ ತಿರುಗಿಸಿ ಮಡಿಚಿದ, ತುಟಿಗೆ ತಾಗಿದರೆ ಕೊಯ್ಯಬಾರದಲ್ಲ. ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ. ಒಳ್ಳೆಯ ಅಗಲವಾದ ಚಮಚ ತಯಾರಾಯಿತು. ಎರಡೂ ಕೈಯಲ್ಲಿ ಹಿಡಿದು ಅದನ್ನು ನನಗೆ ಕೊಟ್ಟ.

ತನಗೊಂದು ಮಾಡಿಕೊಳ್ಳಲು ನನ್ನ ಡಬ್ಬಿಯ ಮುಚ್ಚಳ ಬೇಕೆಂದು ಸನ್ನೆ ಮಾಡಿದ. ಅಷ್ಟರಲ್ಲಿ ಆಚೆ ಸಾಲಿನವರೂ ತಮ್ಮ ಮುಚ್ಚಳಗಳನ್ನು ಚಾಚಿದರು. ಕೆಲವರು ಆಗಲೇ ತಾವೇ ಮಾಡಿಕೊಂಡಿದ್ದರು, ಅವು ಅಂಕುಡೊಂಕು, ಎರಡು ತುತ್ತಿಗೆ ಮುದುರಿ ಹೋಗುತ್ತಿದ್ದವು. ಎಲ್ಲರಿಗೂ ಮಾಡಿಕೊಟ್ಟು ಆತ ಉಣ್ಣುವ ಹೊತ್ತಿಗೆ ಅನ್ನ ಆರಿತ್ತು. ಮೂಲೆಗಳಲ್ಲಿ ಅದು ಎರಡು ಬೆಂಕಿ ಕಂಡು ಹರಳಿನಂತಾಗಿತ್ತು. ಅರ್ಧ ಉಂಡು ಬದಿಗಿಟ್ಟ. ಬನ್ನನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡ.

ನಾನು ಕಸಕ್ಕೆ ಹಾಕಿಸಿದ ಹಾಳೆಗಳು ಅವೇ.

ಹಿಂದಿನ ಅಡುಗೆ ಗೂಡಿಗೆ ಹೋಗಿ ಗಗನಸಖಿಯನ್ನು ಮಾತಾಡಿಸಿದೆ. ಅವಳು ನಿಧಾನವಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು. ಆತ ತಗಡಿನ ಕೆಲಸದವನಂತೆ, ಕಟ್ಟಡಗಳಿಗೆ ತಣ್ಣನೆ ಗಾಳಿಯ ಕೊಳವೆ ಮಾಡಲು ಹೋಗುತ್ತಿದ್ದಾನಂತೆ.

"ನಮ್ಮಲ್ಲಿ ಅನ್ನ ಉಣ್ಣುವುದು ಚಮಚದಿಂದಲೇ," ಎಂದಳು. "ಮನೆಯಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಚಮಚ ಇರುತ್ತದೆ. ಮತ್ತೆ ನಮ್ಮ ಅನ್ನ ಸ್ವಲ್ಪ ಅಂಟಂಟು. ಚಮಚ ಚಿಕ್ಕದು ಎಂದು ಮೂರು ಸಲ ಬರೆದೆ. ನಿಯಮದಂತೆ ಇದೆ ಎಂದು ಉತ್ತರ ಬಂತು."

"ಆ ಉತ್ತರ ಬರೆದದ್ದು ನಾನೇ," ಎಂದೆ.

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಒಂದು ಕಪ್ಪಿಗೆ ಚಹಾ ಬಗ್ಗಿಸಿ ಕೊಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು.

ಕೊಲ್ಲಿಯಲ್ಲಿ ವಿಮಾನ ಇಳಿದಾಗ ತಗಡಿನ ಕೆಲಸದಾತ ಮತ್ತೆ ತಲೆಬಾಗಿ ವಂದಿಸಿ ಸಾಲಿನಲ್ಲಿ ಸೇರಿಕೊಂಡ. ಬಾಗಿಲಿನಿಂದ ಬಂದ ಬಿಸಿಗಾಳಿಗೆ ಮುಂದಿನವರು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಆಮೇಲೆ ಇಳಿದರು. ನಾನು ನಿಲ್ದಾಣದ ಒಳಗಿನ ಬೆಂಚಿನ ಮೇಲೆ ಕೂತು ವರದಿ ಬರೆಯತೊಡಗಿದೆ. 'ಪ್ರಯಾಣಿಕರ ರೂಢಿಯನ್ನು ಗಮನಿಸಿ ಚಮಚದ ಅಳತೆಯನ್ನು ಬದಲಿಸುವುದು ಸೂಕ್ತ' ಎಂದು ಬರೆದೆ. ಓದಲು ಚೆನ್ನಾಗಿತ್ತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ.

ವಾಪಸು ಹಾರುವಾಗ ಅದನ್ನೇ ಮತ್ತೆ ಮತ್ತೆ ಓದಿದೆ. ಆ ಸಲ ವಿಮಾನದಲ್ಲಿದ್ದವರು ಗುತ್ತಿಗೆ ಮುಗಿಸಿದವರು, ಬಿಸಿಲಿಗೆ ಕಪ್ಪಾದವರು, ಅದೇ ಬೂದು ಜಾಕೆಟ್ಟುಗಳ ಬಣ್ಣ ಹೋಗಿತ್ತು. ನಾನು ಬರೆದ ಹಾಗೆ ಕೊಟ್ಟರೆ ಚಮಚ ಬದಲಾಗುತ್ತದೆ, ಊಟ ಸರಿಹೋಗುತ್ತದೆ. ಆದರೆ ಕಡತದಲ್ಲಿ ಉಳಿಯುವುದು ಬಾಣಸಿಗರನ್ನು ತೆಗೆದ ಮೇಲೆ ಸರಿಹೋಯಿತು ಎಂದೇ. ಆ ವರ್ಷ ನನಗೆ ಶಿಫ್ಟ್ ಇನ್‌ಚಾರ್ಜ್ ಆಗಿ ಬಡ್ತಿ ಬರುವುದಿತ್ತು. ಸುಮ್ಮನಿರಲು ಅದೊಂದು ಕಾರಣ ಸಾಕಾಗಿತ್ತು, ಸುಳ್ಳು ಹೇಳುವುದಿಲ್ಲ. ಅರಬ್ಬಿ ಸಮುದ್ರ ಮುಗಿದು ಕೆಳಗೆ ವಸಯಿಯ ಉಪ್ಪಿನ ಗದ್ದೆಗಳು ಕಾಣುವ ಹೊತ್ತಿಗೆ ಆ ಹಾಳೆ ಹರಿದು ಹೊಸದು ಬರೆದೆ. ತಿಂಡಿಯ ಬದಲು ಅನ್ನ ಶುರುವಾದಾಗ ಕಟ್ಟನ್ನು ಬದಲಿಸಬೇಕಾಗಿದ್ದದ್ದು ನಾನು. ಮೂರು ಸಲ ಚೀಟಿ ಬಂದರೂ ನೋಡದೆ ಸಹಿ ಹಾಕಿದ್ದು ನಾನು. ಊಟ ವಾಪಸು ಬರಲು ಮುಖ್ಯ ಕಾರಣ ಅದು. ಅನ್ನದ ಅಕ್ಕಿ ಈ ಬಗೆಯ ಊಟಕ್ಕೆ ಹೊಂದುವುದಿಲ್ಲ, ಎರಡನೇ ಬಿಸಿಗೆ ಗಟ್ಟಿಯಾಗುತ್ತದೆ ಎಂಬುದು ಎರಡನೆಯ ಕಾರಣ. ಇಷ್ಟನ್ನೂ ಬರೆದೆ.

ಮ್ಯಾನೇಜರರು ಮರುದಿನ ಓದಿದರು. "ಇದನ್ನು ಹೀಗೇ ಬರೆಯಬೇಕಿತ್ತಾ? ಸಲಹೆ ಅಂತ ಬರೆದರೆ ಸಾಕಿತ್ತು," ಎಂದರು. ಸಾಕಾಗುತ್ತಿರಲಿಲ್ಲ ಎಂದೆ. ಅವರು ನಿಟ್ಟುಸಿರು ಬಿಟ್ಟು ಬಾಣಸಿಗರ ಬದಲಾವಣೆಯ ಕಾಗದವನ್ನು ಕಡತದಿಂದ ತೆಗೆದರು. ನಾಲ್ಕು ದಿನದ ನಂತರ ಕರ್ತವ್ಯದಲ್ಲಿ ಅಲಕ್ಷ್ಯ ಎಂಬ ಮೆಮೋ ನನ್ನ ಕೈಗೆ ಬಂತು. ಆ ವರ್ಷದ ಬಡ್ತಿ ಇನ್ನೊಬ್ಬರಿಗೆ ಹೋಯಿತು.

ಬಾಣಸಿಗರಿಗೆ ನಾನೇ ಹೋಗಿ ಹೇಳಬೇಕಿತ್ತು. ಅವರು ಈರುಳ್ಳಿ ಕೊಚ್ಚುವ ಮೇಜಿನ ಬಳಿ ನಿಂತಿದ್ದರು.

"ಅಣ್ಣಾರ, ತಪ್ಪು ನಂದಿತ್ತರಿ. ಚಮಚಾ ಸಣ್ಣದಿತ್ತು. ನಾನ ನೋಡಲಿಲ್ಲ."

ಅವರು ಕೈಯಲ್ಲಿದ್ದ ಚಾಕು ನಿಲ್ಲಿಸಿದರು. ಮುಖ ಕೆಂಪಾಯಿತು. "ಒಂದು ತಿಂಗಳು ನನಗೆ ನಿದ್ದೆ ಇಲ್ಲ ಗೊತ್ತುಂಟಾ ನಿಮಗೆ? ಮನೆಯಲ್ಲಿ ಹೆಂಡತಿ ಬಡಿಸಿದ ಅನ್ನವನ್ನೂ ಮುಟ್ಟಿ ಮುಟ್ಟಿ ನೋಡ್ತಿದ್ದೆ. ಚಮಚವಂತೆ!"

ನಾನು ನಿಂತೇ ಇದ್ದೆ. ಮತ್ತೊಂದು ಈರುಳ್ಳಿ ಎತ್ತಿಕೊಂಡು ಅವರೇ ಕೇಳಿದರು. "ಅನ್ನದ ಬಗ್ಗೆ ಎಂತ ಬರ್ದಿದ್ದೀರಿ?"

"ಗಟ್ಟಿ ಆಗತೈತಿ, ಅಕ್ಕಿ ಬದಲ ಮಾಡಬೇಕು ಅಂತ ಬರ್ದೇನ್ರಿ."

"ಅದನ್ನೂ ಬರ್ದ್ರಾ?"

"ಖರೇ ಇತ್ತಲ್ಲರಿ."

ಅವರು ಚಾಕು ಕೆಳಗಿಟ್ಟರು. "ಹಾಗಾದ್ರೆ ಅಂಟುವ ಅಕ್ಕಿ ಯಾವುದುಂಟು ನೋಡುವ," ಎಂದರು.

ಆ ಭಾನುವಾರ ಇಬ್ಬರೂ ಭುಲೇಶ್ವರದ ಪಾತ್ರೆ ಅಂಗಡಿಗಳಿಗೆ ಹೋದೆವು. ಬಾಣಸಿಗರು ಮನೆಯಿಂದ ಒಂದು ಡಬ್ಬಿಯಲ್ಲಿ ಅನ್ನ ತಂದಿದ್ದರು. ಅಂಗಡಿಯವನು ಒಂದೊಂದು ಅಳತೆಯ ಚಮಚ ತೆಗೆದಂತೆ ಅವರು ಅನ್ನ ತೋಡಿ, ಮೊಣಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ಬಾಯಿಗೆ ತಂದು ನೋಡುತ್ತಿದ್ದರು. ಹಾಗೆ ಮಾಡಬೇಕೆಂದು ನಾನೇ ಹೇಳಿದ್ದೆ. ಅಂಗಡಿಯವನು ಬೆರಗಾಗಿ ನೋಡಿದ. ಹಿಡಿ ಗಿಡ್ಡ, ಬಾಯಿ ಅಗಲ, ಕುಳಿ ಹೆಚ್ಚು ಆಳವಿಲ್ಲದ ಒಂದು ಸ್ಟೀಲ್ ಚಮಚವನ್ನು ಆರಿಸಿದೆವು. ಅಕ್ಕಿಯಲ್ಲಿ ಆಂಬೆಮೊಹರ್ ಹೊಂದಿತು. ಪುಣೆ ಕಡೆಯ ಗುಂಡು ಅಕ್ಕಿ, ಬೆಂದರೆ ಒಂದಕ್ಕೊಂದು ಅಂಟುತ್ತದೆ. ನೀರು ಎಷ್ಟು ಎಂಬುದಕ್ಕೆ ಆರು ದಿನ ಪ್ರಯೋಗ ನಡೆಯಿತು. ಮಾಮೂಲಿಗಿಂತ ಹೆಚ್ಚು ನೀರು ಹಾಕಿ, ಬಿಸಿಯಿರುವಾಗಲೇ ಡಬ್ಬಿಗೆ ಮೆತ್ತಗೆ ಒತ್ತಿ, ಮುಚ್ಚುವ ಮುಂಚೆ ಮೇಲೆ ಬಿಸಿನೀರು ಚಿಮುಕಿಸಿದರೆ ಎರಡನೇ ಬೆಂಕಿಗೂ ಮೂಲೆಗಳು ಒಣಗುವುದಿಲ್ಲ ಎಂದು ಕೊನೆಗೆ ಗೊತ್ತಾಯಿತು. ಹುಳಿಬರಿಸಿದ ಕೋಸಿಗೆ ಅನುಮತಿ ಇರಲಿಲ್ಲವಾಗಿ, ಅದೇ ಬೆಳಿಗ್ಗೆ ಉಪ್ಪು ಹಚ್ಚಿ ಹಿಂಡಿದ ಮೂಲಂಗಿಗೆ ಮೆಣಸಿನ ಪುಡಿ ಬೆರೆಸಿ ಕೊಟ್ಟೆವು. ಅದು ಸಿಡಿಯಲಿಲ್ಲ.

ಹೊಸ ಊಟ ಹೋದ ಮೊದಲ ಸಂಜೆ ಬಾಣಸಿಗರು ಮನೆಗೆ ಹೋಗದೆ ಲಾರಿ ಬರುವ ಬಾಗಿಲಲ್ಲೇ ನಿಂತಿದ್ದರು. ಟ್ರೇಗಳು ಹಗುರಾಗಿ ಬಂದವು. ಪ್ರತಿನಿಧಿ ತನ್ನ ಪತ್ರ ವಾಪಸು ಪಡೆದ. ಹದಿನೈದು ದಿನ ಬಿಟ್ಟು ಬಂದ ಚೀಟಿಯಲ್ಲಿ ಚಮಚಗಳು ಕಡಿಮೆಯಾಗುತ್ತಿವೆ, ಪ್ರಯಾಣಿಕರು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದಾರೆ ಎಂದಿತ್ತು. ಈ ಸಲ ನಾನು ನಿಯಮ ಬರೆಯಲಿಲ್ಲ. ಇನ್ನಷ್ಟು ಚಮಚ ತರಿಸಿದೆ.

ಬಾಣಸಿಗರು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದು ನನಗೆ ಗೊತ್ತಿರಲಿಲ್ಲ. ಅದು ಬರಲು ನಾಲ್ಕು ತಿಂಗಳು ಹಿಡಿಯಿತು. ಬಂದ ದಿನ ಅವರೇ ಹೋಗಿ ಪ್ರತಿನಿಧಿಯ ಮುಂದೆ ನಿಂತು, ನನಗೂ ಒಂದು ಸಲ ಹಿಂದಿನ ಸೀಟು ಕೊಡಿ ಎಂದರಂತೆ. ಹದಿನಾಲ್ಕು ವರ್ಷ ವಿಮಾನಕ್ಕೆ ಅಡುಗೆ ಮಾಡಿದ ಮನುಷ್ಯ ಆ ತನಕ ವಿಮಾನದಲ್ಲಿ ಕೂತಿರಲಿಲ್ಲ. ಹೋಗುವ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಬಂದಿದ್ದರು. ಇಡೀ ಅಡುಗೆಮನೆ ಬಾಗಿಲಿಗೆ ಬಂದು ಕಳಿಸಿಕೊಟ್ಟಿತು.

ಸಂಜೆ ವಿಮಾನ ಇಳಿದಾಗ ನಾನು ಲಾರಿಯ ಜೊತೆ ಹೋಗಿ ಮೆಟ್ಟಿಲ ಕೆಳಗೆ ನಿಂತೆ. ಅವರು ನಿಧಾನವಾಗಿ ಕಂಬಿ ಹಿಡಿದು ಇಳಿದು ಬಂದರು. ಅಂಗಿಯ ಇಸ್ತ್ರಿ ಮುದುಡಿತ್ತು.

"ಹ್ಯಾಂಗಿತ್ತರಿ ಅಣ್ಣಾರ? ಮಂದಿ ಉಂಡ್ರೇನು? ನೋಡಿದ್ರಿ?"

"ಎಲ್ಲ ನೋಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ," ಎಂದರು. "ನನ್ನ ಪಕ್ಕದವನಿಗೆ ಗಾಢ ನಿದ್ದೆ. ಊಟ ಬಂತು, ಏಳ್ಲಿಲ್ಲ. ಎಬ್ಬಿಸ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ. ವಾಪಸು ಕೊಂಡೋಗ್ತೇನೆ ಅಂತ ಆ ಹುಡುಗಿ ಬಂದ್ಲು, ನಾನು ಕೊಡ್ಲಿಲ್ಲ. ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಕೊಂಡು ಕೂತೆ."

"ಎಷ್ಟೊತ್ತು?"

"ಒಂದು ಗಂಟೆ ಆಗಿರ್ಬಹುದು. ಇಳೀಲಿಕ್ಕೆ ಸ್ವಲ್ಪ ಹೊತ್ತಿರುವಾಗ ಎದ್ದ. ಕೊಟ್ಟೆ." ಅವರು ತಮ್ಮ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. "ಇನ್ನೂ ಬಿಸಿ ಇತ್ತು. ಪೂರ್ತಿ ಉಂಡ."